ಬಕೆಟ್ಟಿನ ನೇರಳೆ

ಬಣ್ಣದ ಬಕೆಟ್ಟನ್ನು ಬೋರಲು ಹಾಕಿ ತಳಕ್ಕೆ ಗುದ್ದಿದೆ. ನೇರಳೆ ಗಿಡ ಮಣ್ಣಿನ ಸಮೇತ ಜಾರಿ ಬಂತು, ಜೊತೆಗೆ ಆ ವಾಸನೆ. ನೆನೆದ ಗೋಣಿ, ಕೊಳೆತ ಎಲೆ, ಹಸಿ ಮಡಕೆ ಎಲ್ಲಾ ಸೇರಿದ ವಾಸನೆ. ಮಾದನಾಯಕನಹಳ್ಳಿಯ ನಮ್ಮ ಹಳೇ ಮನೆ ಬಚ್ಚಲ ಹಿಂದೆ ಹಿಂಗೇ ಇರೋದು. ನಿಮಗೂ ಅಂಥಾ ಒಂದು ಮೂಲೆ ಇದ್ದಿರಬೇಕು, ಈಗ ಅದರ ಮೇಲೆ ಯಾರೋ ಟೈಲ್ಸ್ ಹಾಕಿರ್ತಾರೆ. ನಮ್ಮಜ್ಜಿ ಅಲ್ಲಿ ಬಾಯಿ ಒಡೆದ ಮಡಕೆಗಳಲ್ಲಿ ಗಿಡ ಎಬ್ಬಿಸೋಳು. ನೆಲದಲ್ಲಿ ಬೀಜ ಹಾಕಿದ್ರೆ ಮೇಕೆ ಬಿಡ್ತಿರಲಿಲ್ಲ. ಗಿಡ ನನ್ನ ಸೊಂಟಕ್ಕೆ ಬಂದ ಮೇಲೆ, ಮಳೆ ಹಿಡಿದಾಗ, ಮಡಕೇನ ಕಲ್ಲಿಗೆ ಕುಕ್ಕಿ ಒಡೆಯೋಳು. ಒಳಗೆ ಜಾಗ ಸಾಲದೆ ಬೇರು ಸಿಂಬೆ ಸುತ್ತಿದಂಗೆ ಸುತ್ತಿರೋದು. ಕುಡುಗೋಲು ತೆಗೆದು ಮೇಲಿಂದ ಕೆಳಕ್ಕೆ ಸರ್ರನೆ ಸೀಳೋಳು. ಮೊದಲ ಸಲ ನೋಡಿ ನಾನು ಅತ್ತುಬಿಟ್ಟೆ. "ಥೂ, ಮುಚ್ಚೇ ಬಾಯಿ. ಅಂಗೇ ನೆಟ್ರೆ ಬೇರು ದಪ್ಪ ಆಗಿ ತನ್ನ ಕುತ್ತಿಗೆ ತಾನೇ ಇಸುಕ್ಕೊಳ್ತದೆ. ನಿನ್ನ ಒಕ್ಕಳ ಬಳ್ಳಿ ಕುಯ್ದಿದ್ದೂ ಇದೇ ಕುಡುಗೋಲೇ. ಸತ್ತೋದ್ಯಾ?"

ಅಜ್ಜಿ ಅಂಗೆ ಸೀಳಿ ನೆಟ್ಟ ನೇರಳೆ ಮನೆ ಮುಂದೆ ಆಕಾಶ ಮುಟ್ಟಿತ್ತು. ಮೊದಲ ಮೊರ ಹಣ್ಣು ಮಾರಮ್ಮನಿಗೆ ಇಡೋ ತನಕ ಯಾರೂ ತಿನ್ನಂಗಿರಲಿಲ್ಲ. ಕದ್ದವರನ್ನ ಹಿಡಿಯೋಕೆ "ನಾಲಿಗೆ ತೋರ್ಸೇ" ಅನ್ನೋಳು. ಆ ಮನೆ ಹೋಯ್ತು, ಮರ ಹೋಯ್ತು, ಅಲ್ಲೀಗ ಗೋದಾಮು. ಅಜ್ಜಿಯ ಸಮಾಧಿ ಇರೋ ಮೂಲೆ ಒಂದನ್ನ ಉಳಿಸಿಕೊಂಡ್ವಿ. ಮರ ಉರುಳಿಸಿದ ವರ್ಷ ಅದರದೊಂದು ಬೀಜ ತಂದು ಚಿಕ್ಕಬಾಣಾವರದ ನಮ್ಮ ಮಹಡಿ ಮೇಲೆ ಬಕೆಟ್ಟಿಗೆ ಹಾಕಿದ್ದೆ. ಆ ಮರದ್ದು ಅಂತ ಉಳಿದಿದ್ದು ಅದೊಂದೇ. ಅದೂ ಹಳದಿ ತಿರುಗಿ ಎಲೆ ಉದುರಿಸೋಕೆ ಶುರು ಮಾಡ್ತು. ನಮ್ಮ ಬಾಡಿಗೆ ರೂಮಿನ ಶಾಂತವ್ವ, ಬಿಜಾಪುರದ ಕಡೆಯವಳು, ಅದೇ ಗೋದಾಮಿನಲ್ಲಿ ಕೆಲಸ. ಗಿಡ ಬಾಡ್ತು ಅಂತ ದಿನಾ ನೀರು ಸುರಿಯೋಳು. ಅದಕ್ಕೆ ಬೇಕಿದ್ದುದು ನೀರಲ್ಲ. ಮಳೆ ಬಿದ್ದ ಮೇಲೆ ಇಬ್ಬರೂ ಬಕೆಟ್ಟನ್ನ ಆಟೋದಲ್ಲಿ ಹಾಕ್ಕೊಂಡು ಸಮಾಧಿ ಹತ್ರ ಬಂದಿದ್ವಿ. ನಾನು ಕುಡುಗೋಲು ಎತ್ತಿದ್ದೇ ತಡ, ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ ಯಮ್ಮಾ, ಇರೋದೊಂದ ಗಿಡ. ಬೇರ ಕಡದ್ರ ಸತ್ತ ಹೋಕ್ಕೈತಿ."

"ಕಡೀದಿದ್ರೂ ಸಾಯ್ತದೆ, ನಿಧಾನಕ್ಕೆ. ಬಿಡೇ ಕೈನ."

"ನಿಮ್ಮ ಎದಿ ಏನ್ ಕಲ್ಲೇನ್ರಿ?"

"ಊಂ ಕಣೇ. ಇಲ್ಲಿ ಮಲಗವ್ಳಲ್ಲ, ಅವಳದು ಇನ್ನೂ ದೊಡ್ ಕಲ್ಲು."

ನಾಲ್ಕೂ ಕಡೆ ಸೀಳಿದೆ. ತಳದಲ್ಲಿ ಚಾಪೆ ಹೆಣೆದಂಗೆ ಇದ್ದ ಬೇರು ಕತ್ತರಿಸಿ ಎಸೆದೆ. ಉಳಿದದ್ದನ್ನ ಬೆರಳಲ್ಲಿ ಬಿಡಿಸಿ, ಹೊರಮುಖ ಮಾಡಿ ಗುಂಡಿಗೆ ಇಳಿಸಿದೆ. ಮಣ್ಣು ಎಳೆದು ಕಾಲಲ್ಲಿ ತುಳಿದೆ. ಆಮೇಲೆ ಇದ್ದ ಎಲೆನೂ ಉದುರ್ತು, ಶಾಂತವ್ವ ನನ್ನ ಹತ್ರ ಮಾತು ಬಿಟ್ಟಳು. ಒಂದು ಸಂಜೆ ಪಾಳಿ ಮುಗಿಸಿ ಬಂದವಳು ಚಪ್ಪಲಿನೂ ಬಿಡದೆ ಬಾಗಿಲಲ್ಲೇ ಕೂಗಿದಳು: "ಯಮ್ಮಾ, ಚಿಗತೈತ್ರಿ! ಕೆಂಪಗ ಚಿಗತೈತಿ!"

ಈಗದು ಗೋದಾಮಿನ ತಗಡು ದಾಟಿ ನಿಂತದೆ. ಹೋದ ಮಳೆಗಾಲದ ಗಾಳಿಗೆ ಆಚೆ ಕಾಂಪೌಂಡಿನಲ್ಲಿ ಕುಂಡದಿಂದ ಅಂಗೇ ತೆಗೆದು ನೆಟ್ಟಿದ್ದ ಮರಗಳು ಬುಡಸಮೇತ ಮಲಗಿದವು. ಬೇರು ಇನ್ನೂ ಕುಂಡದ ಆಕಾರದಲ್ಲೇ ಇತ್ತು. ನಮ್ಮದು ಅಲುಗಲಿಲ್ಲ.

ಈ ವರ್ಷ ಮೊದಲ ಹಣ್ಣು. ಮಾರಮ್ಮನಿಗೆ ಇಡೋ ಮುಂಚೆನೇ ಒಂದು ಬಾಯಿಗೆ ಹಾಕ್ಕೊಂಡೆ. ಅದೇ ಒಗರು, ಅದೇ ಸಿಹಿ. ಹಿಡಿಯೋಕೆ ಆ ಮನೆಯೋರು ಈಗ ಒಬ್ಬರೂ ಇಲ್ಲ. ಸಮಾಧಿ ಕಡೆ ತಿರುಗಿ ನಾನೇ ನಾಲಿಗೆ ತೋರಿಸಿದೆ.