ಹನ್ನೊಂದು ಚಳಿಗಾಲ ಕಂಡ ಕ್ಯಾರಿಯರ್

ವೆರ್ನರ್ ಲಾಹ್ತಿ ತಾನೇ ಬೆಸೆದು ತನ್ನ ಪಿಕಪ್ಪಿನ ಹಿಂದೆ ಸಿಕ್ಕಿಸಿದ್ದ ಕ್ಯಾರಿಯರಿಗೆ ತಾನೇ ಕಾಲು ಬಡಿಸಿಕೊಂಡು ಬಿದ್ದದ್ದು ಚರ್ಚಿನ ಅಂಗಳದಲ್ಲಿ, ಅರ್ಧ ಊರಿನ ಎದುರಿಗೆ. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಮಾಂಸ ತಿನ್ನದ ಕ್ಯಾಥೊಲಿಕರು ಅಲ್ಲಿ ಮೀನು ಕರಿದು ಬಡಿಸುತ್ತಾರೆ. ಪ್ರಾಟೆಸ್ಟಂಟರಾದ ಲೂಥರನ್ನರೂ ತಪ್ಪದೆ ಬರುತ್ತಾರೆ, ಮೀನಿಗೆ ಮತಭೇದವಿಲ್ಲ. ಲೂಥರನ್ನನಾದ ವೆರ್ನರನ ಮೀನು ಕರಗುತ್ತಿದ್ದ ಹಿಮದ ಮೇಲೆ ಬಿತ್ತು, ಕೋಸಿನ ಕೋಸಂಬರಿ ಅವನ ಟೋಪಿಯ ಮೇಲೆ.

"ಏಟು ಬಿತ್ತಾ ದೊಡ್ಡಪ್ಪ?" ಎಂದಳು ತಮ್ಮನ ಮಗಳು ಸಿಲ್ವಿ, ನಗು ತಡೆದುಕೊಂಡು.

"ಏನೂ ಆಗಿಲ್ಲ. ಬೆಸುಗೆ ಗಟ್ಟಿಯಾಗೇ ಇದೆ."

"ನಾನು ಕೇಳಿದ್ದು ಕಾಲಿನ ವಿಷಯ."

ಕ್ಯಾರಿಯರಿಗೆ ಏನೂ ಆಗುವುದಿಲ್ಲ, ಅದೇ ತೊಂದರೆ. ಪಿಕಪ್ಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ದಪ್ಪನೆಯದೊಂದು ಪಿನ್ನು ತೂರಿಸಿದರೆ ಅಡ್ಡಕ್ಕೆ ಚಾಚಿಕೊಳ್ಳುವ ಉಕ್ಕಿನ ದೋಣಿ ಅದು. ಮೋಟರ್ ಸೈಕಲ್ಲನ್ನು ಅದರಲ್ಲಿ ನಿಲ್ಲಿಸಿ ಪಟ್ಟಿ ಬಿಗಿಯುತ್ತಾರೆ. ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ವರ್ಷಕ್ಕೆ ಆರು ತಿಂಗಳು ರಸ್ತೆಗೆ ಉಪ್ಪು ಸುರಿಯುವುದರಿಂದ, ಅಂಗಡಿಯಲ್ಲಿ ಕೊಂಡ ಕ್ಯಾರಿಯರು ಮೂರನೆಯ ಚಳಿಗಾಲಕ್ಕೆ ಹಪ್ಪಳ. ವೆರ್ನರನದು ಹನ್ನೊಂದು ಕಂಡಿದೆ. ಬಣ್ಣ ಸಿಪ್ಪೆ ಎದ್ದಿದೆ, ಬೆಸುಗೆ ಕದಲಿಲ್ಲ. ಕಾಲಕ್ಕೆ ಬಾಗದ್ದು ಅವನ ಕಾಲಿಗೆ ಬಾಗೀತೇ?

ಅದರ ಮೇಲೆ ಕೊನೆಯದಾಗಿ ನಿಂತದ್ದು ಸಿಲ್ವಿಯ ಅಪ್ಪ ಒನ್ನಿಯ ಮೋಟರ್ ಸೈಕಲ್. ಪಟ್ಟಿ ಬಿಗಿದ ಮೇಲೆ ಇಲ್ಲಿನವರು ಸೀಟಿಗೆ ಎರಡು ಸಲ ತಟ್ಟಿ, "ಇದಿನ್ನೆಲ್ಲಿಗೂ ಹೋಗಲ್ಲ" ಎನ್ನಬೇಕು. ಹೇಳದಿದ್ದರೆ ಕಟ್ಟಿದ ಲೆಕ್ಕವೇ ಅಲ್ಲ. ವರ್ಷಗಳ ಹಿಂದೆ ಒಂದು ನವೆಂಬರಿನ ಬೆಳಗ್ಗೆ ವೆರ್ನರ್ ತಟ್ಟಿದ, ಹೇಳಿದ. ಕ್ಯಾರಿಯರ್ ಸಿಕ್ಕಿಸಿದ್ದ ಒನ್ನಿಯ ಪಿಕಪ್ ಕಣ್ಣಿಗೆ ಕಾಣದ ಮಂಜುಗಡ್ಡೆಯ ಮೇಲೆ ಜಾರಿ ಸರೋವರಕ್ಕಿಳಿಯಿತು. ಕ್ರೇನಿನಿಂದ ಎತ್ತಿದಾಗ ಒಳಗೆ ಒನ್ನಿಯ ಉಸಿರಿರಲಿಲ್ಲ. ಹಿಂದೆ ಮೋಟರ್ ಸೈಕಲ್ ನೆಟ್ಟಗೆ ನಿಂತಿತ್ತು. ಪಟ್ಟಿ ನೂಲಿನಷ್ಟೂ ಸಡಿಲವಾಗಿರಲಿಲ್ಲ.

"ಎಂಥಾ ಬೆಸುಗೆನಪ್ಪಾ ನಿಂದು," ಎಂದ ಪೊಲೀಸಿನವನು. ಪಾಪ, ಹೊಗಳಿದ್ದೇ.

ವೆರ್ನರ್ ಮೋಟರ್ ಸೈಕಲ್ಲನ್ನು ಒನ್ನಿಯ ಹೆಂಡತಿಯ ಮನೆಯ ಶೆಡ್ಡಿಗೆ ಸೇರಿಸಿ, ಕ್ಯಾರಿಯರನ್ನು ತನ್ನ ಪಿಕಪ್ಪಿಗೆ ಸಿಕ್ಕಿಸಿಕೊಂಡ. ಮತ್ತೆ ಇನ್ನೊಂದನ್ನು ಮಾಡಲಿಲ್ಲ. ಹಿಮ ತಳ್ಳುವ ಅಲಗುಗಳನ್ನು ರಿಪೇರಿ ಮಾಡುತ್ತಾನೆ. ಊರವರ ಗಾಡಿಗಳಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ಪಿನ್ನುಗಳನ್ನು ಗ್ಯಾಸಿನ ಜ್ವಾಲೆಯಲ್ಲಿ ಎರಡೇ ನಿಮಿಷದಲ್ಲಿ ಕತ್ತರಿಸಿ ತೆಗೆಯುತ್ತಾನೆ. ಅವನ ಸ್ವಂತ ಕ್ಯಾರಿಯರ್ ಮಾತ್ರ, ಕೊಂಡಿಯ ತೂತು ಸವೆದು, ರಸ್ತೆಯ ಗುಂಡಿ ಸಿಕ್ಕಾಗಲೆಲ್ಲ ಬೆನ್ನ ಹಿಂದೆ ಎರಡು ಸಲ ತಟ್ಟುತ್ತದೆ. ಟಪ್, ಟಪ್. ಸದ್ದಡಗಿಸುವ ಕ್ಲಾಂಪು ಅವನ ಅಂಗಡಿಯಲ್ಲೇ ಡಜನ್ನುಗಟ್ಟಲೆ ಇವೆ. ತಟ್ಟಿದಾಗಲೆಲ್ಲ ವೆರ್ನರ್ "ಹೂಂ" ಎನ್ನುವುದನ್ನು, ಪಿಕಪ್ಪಿನ ಕಿಟಕಿ ತೆರೆದಿದ್ದಾಗ, ಕೇಳಿದವರಿದ್ದಾರೆ.

ಟೋಪಿಯಿಂದ ಕೋಸು ಕೊಡವಿಕೊಳ್ಳುತ್ತಿದ್ದವನನ್ನು ಸಿಲ್ವಿ ಬಿಡಲಿಲ್ಲ. "ಭಾನುವಾರ ಕಾಡಿನ ಬೈಕ್ ರೇಸಿದೆ. ಅಪ್ಪನ ಗಾಡಿ ಸ್ಟಾರ್ಟ್ ಆಗ್ತಿದೆ, ನಾನೇ ರಿಪೇರಿ ಮಾಡಿದೀನಿ. ಪಿಕಪ್ ಕೊಡು."

"ಬೇರೆಯವರದ್ದು ಕೇಳು."

"ಬೇರೆಯವರ ಕ್ಯಾರಿಯರು ಮುರಿಯತ್ತೆ. ನಿಂದು ಮುರಿಯಲ್ಲ."

"ಮುರಿಯಲ್ಲ ಅಂತಲೇ ಕೊಡಲ್ಲ."

"ಸರಿ. ಗಾಡಿ ಓಡಿಸ್ಕೊಂಡೇ ಹೋಗ್ತೀನಿ. ಲೈಟಿಲ್ಲ, ನಂಬರ್ ಪ್ಲೇಟಿಲ್ಲ, ಅರವತ್ತು ಮೈಲಿ. ಅದೇ ಸರೋವರದ ರಸ್ತೆ."

ವೆರ್ನರ್ ಹಿಮದ ಮೇಲಿನ ಮೀನನ್ನು ಹೆಕ್ಕಿ ತಟ್ಟೆಗೆ ಹಾಕಿಕೊಂಡ. "ಏಳು ಗಂಟೆಗೆ ಬಾ," ಎಂದ.

ಭಾನುವಾರ ಅವಳು ಬರುವಷ್ಟರಲ್ಲಿ ಅವನು ಸುತ್ತಿಗೆ ಹಿಡಿದು ಕ್ಯಾರಿಯರಿನ ಪಕ್ಕ ಮಂಡಿಯೂರಿದ್ದ. ಒಂದೊಂದೇ ಬೆಸುಗೆಯನ್ನು ತಟ್ಟಿ ಕಿವಿಗೊಡುತ್ತಿದ್ದ. ಪ್ರತಿ ವಸಂತದಲ್ಲೂ ಹೀಗೆ ಅವನು ಹುಡುಕುವುದು ಒಂದು ಬಿರುಕನ್ನು. ಸಿಕ್ಕಿದ್ದರೆ ತನ್ನ ಕೈಯದೇ ತಪ್ಪೆಂದು ಬೈದುಕೊಂಡು ಅಳಬಹುದಿತ್ತು. ಈ ಸಲವೂ ಎಲ್ಲವೂ ಗಂಟೆಯ ಹಾಗೆ ಖಣ್ ಎಂದವು.

ಸಿಲ್ವಿ ಮೋಟರ್ ಸೈಕಲ್ ಹತ್ತಿಸಿ ಪಟ್ಟಿ ಬಿಗಿದಳು. ವೆರ್ನರ್ ಒಳಗಿನಿಂದ ಒಂದು ಕ್ಲಾಂಪು ತಂದು ತಿರುಪಿದ. ಕ್ಯಾರಿಯರನ್ನು ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿ, ಯಾರಾದರೂ ಉತ್ತರ ಕೊಟ್ಟಾರೇನೋ ಎಂಬಂತೆ ಕಾದ.

ಸಿಲ್ವಿ ತಾನು ತಟ್ಟದೆ ಅವನ ಮುಖ ನೋಡಿದಳು. ಅವನು ಸೀಟಿಗೆ ಎರಡು ಸಲ ತಟ್ಟಿದ. ಬಾಯಿ ತೆರೆದ. ಆ ಮಾತು ಬರಲಿಲ್ಲ.

"ಸಂಜೆ ಐದರೊಳಗೆ ಬಂದ್ಬಿಡು," ಎಂದ.

"ಹೂಂ." ಅವಳು ಕೀಲಿ ತೆಗೆದುಕೊಂಡಳು. ಬಾಗಿಲು ತೆರೆದವಳು ಹತ್ತದೆ ತಿರುಗಿದಳು. "ದೊಡ್ಡಪ್ಪ, ಒಂದು ಕೇಳ್ಲಾ? ಇಷ್ಟು ವರ್ಷ ಇದನ್ನ ಯಾಕೆ ಬಿಚ್ಚಲೇ ಇಲ್ಲ? ಅಪ್ಪನಿಗೋಸ್ಕರಾನಾ?"

ವೆರ್ನರ್ ಬಗ್ಗಿ ಏಟು ಬಿದ್ದ ಕಾಲನ್ನು ತಿಕ್ಕಿಕೊಂಡ.

"ಪಿನ್ನು ತುಕ್ಕು ಹಿಡಿದು ಕಚ್ಕೊಂಡ್ಬಿಟ್ಟಿದೆ ಕಣೆ. ಬರಲ್ಲ."