ಎರಡು ದಿಬ್ಬ, ಒಂದು ತೋಳ

ಭಾತಂಬ್ರಾದ ದತ್ತಾತ್ರಿ ಹುಟ್ಟು ಕುರಿಗಾರ. ಉಣ್ಣುತ್ತಿದ್ದುದು ಮಾತ್ರ ತೋಳದ ಅನ್ನ. ನಗಬೇಡಿ, ನಿಜ. ತೋಳಗಳ ಅಧ್ಯಯನಕ್ಕೆ ಬಂದ ರವಿಕಿರಣ ಸಾಹೇಬರು ಒಂದು ಹೆಣ್ಣು ತೋಳದ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಅದನ್ನು ಹುಡುಕುವ ಆಂಟೆನಾವನ್ನು ಇವನ ಕೈಗೆ ಕೊಟ್ಟು ಸಂಬಳಕ್ಕೆ ಇಟ್ಟುಕೊಂಡಿದ್ದರು. ಆಂಟೆನಾ ಎತ್ತಿ ಸುತ್ತ ತಿರುಗಿಸಿದರೆ, ತೋಳವಿರುವ ದಿಕ್ಕಿಗೆ ಬಂದಾಗ ಹೆಗಲ ಡಬ್ಬಿಯ ಟಿಕ್ ಟಿಕ್ ಜೋರಾಗುತ್ತದೆ. ಎರಡು ದಿಬ್ಬಗಳಿಂದ ಹೀಗೆ ದಿಕ್ಕು ಹಿಡಿದು ನಕ್ಷೆಯಲ್ಲಿ ಗೆರೆ ಎಳೆದರೆ, ಗೆರೆಗಳು ಕೂಡಿದಲ್ಲಿ ತೋಳ.

ಈ ಚಳಿಗಾಲದಲ್ಲಿ ಅದು ನಾಲ್ಕು ಮರಿ ಹಾಕಿತು. ಅಂದಿನಿಂದ ದತ್ತಾತ್ರಿಗೆ ಅನ್ನ ಸೇರದು. ಅದು ಬೇಟೆಗೆ ಬರುತ್ತಿದ್ದುದು ಅವನ ಅಕ್ಕ ಚಂದ್ರಭಾಗಾಳ ಕುರಿಹಟ್ಟಿಗೇ!

"ಏಳು ಕುರಿಮರಿ ಹೋದವೋ ತಮ್ಮಾ. ಅದರ ಬಿಲ ಎಲ್ಲಿ ಅದ, ಹೇಳು."

"ಅಕ್ಕಾ, ಅದೊಂದು ಕೇಳಬ್ಯಾಡ."

"ತೋಳ ನಿನಗ ಅಕ್ಕನಕಿಂತ ಹೆಚ್ಚಾಯ್ತೇನು?"

ಹೇಳಿದರೆ ಬಿಲದ ಬಾಯಿಗೆ ವಿಷ ಸವರಿದ ಮಾಂಸ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಪಾಪ, ಅಷ್ಟು ಮಾಡಿದರೆ ಸಾಕೆಂದುಕೊಂಡ.

ಅದಾದ ಎಂಟನೆಯ ದಿನ ಬೆಳಿಗ್ಗೆ ಡಬ್ಬಿ ಹುಚ್ಚು ಹಿಡಿದಂತೆ ಟಿಕಟಿಕ ಬಡಿದುಕೊಳ್ಳತೊಡಗಿತು. ತಾಸುಗಟ್ಟಲೆ ಕೊರಳು ಅಲುಗಾಡದಿದ್ದರೆ ಮಾತ್ರ ಪಟ್ಟಿ ಹೀಗೆ ಮಾಡುವುದು. ಬಿದ್ದೆನೋ ಎದ್ದೆನೋ ಎಂದು ಓಡಿದ. ಬಿಲದ ಮುಂದೆ ತೋಳ ನೊರೆ ಕಾರಿ ಬಿದ್ದಿತ್ತು. ಮರಿಗಳು ಇನ್ನೂ ಅದರ ಮೊಲೆ ಚೀಪುತ್ತಿದ್ದವು.

ಅಲ್ಲಿಂದ ಸೀದಾ ಅಕ್ಕನ ಹಟ್ಟಿಗೆ ಹೋದ. "ಯಾರು ಹೇಳಿದ್ರು ನಿನಗ?"

ಚಂದ್ರಭಾಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಪ್ಪಿಸಿಕೊಂಡ ಕುರಿ ಹ್ಯಾಂಗ ಹುಡುಕ್ತೇವು? ಈ ದಿಬ್ಬದ ಮ್ಯಾಲ ನಿಂತು ಗಂಟಿ ಸಪ್ಪಳ ಕೇಳೋದು, ಮತ್ತ ಆ ದಿಬ್ಬದ ಮ್ಯಾಲ ನಿಂತು ಕೇಳೋದು. ಸಣ್ಣವಿದ್ದಾಗ ನಿನಗ ಕಲಿಸಿದಾಕಿ ನಾನೇ. ದಿನಾ ಎರಡೂ ದಿಬ್ಬದ ಮ್ಯಾಲ ನಿಂತು ಆ ಕೋಲು ಎತ್ತಿ ತೋರಿಸ್ತಿದ್ದಿ. ನಾ ಬರೇ ನೋಡಿದೆ."

ಅಯ್ಯೋ, ಊರಿಗೆ ಊರೇ ಬಲ್ಲ ವಿದ್ಯೆಯನ್ನು ದತ್ತಾತ್ರಿ ಗುಟ್ಟೆಂದುಕೊಂಡು ಹಾಡುಹಗಲೇ ಮಾಡಿದ್ದನಲ್ಲ! ಅಕ್ಕನ ಮೇಲೆ ಸಿಟ್ಟು ಬಂತು. ಅವಳ ಏಳು ಮರಿಗಳನ್ನು ನೆನೆದು ಆ ಸಿಟ್ಟೂ ನಿಲ್ಲಲಿಲ್ಲ.

ಸುದ್ದಿ ಮುಟ್ಟಿ, ಮಧ್ಯಾಹ್ನ ಬೀದರಿನಿಂದ ಸಾಹೇಬರ ಜೀಪು ಬಿಲದ ಬಳಿಗೆ ಬಂತು.

"ಈ ಜಾಗಾ ನಮ್ಮಿಬ್ಬರಿಗಷ್ಟೇ ಗೊತ್ತಿತ್ತಲ್ರಿ ದತ್ತಾತ್ರಿ. ಯಾರು ತೋರಿಸಿದ್ರು?"

ಆಗಲೇ ಬಿಲಕ್ಕೆ ಮರಳಿದ್ದ ಅವನು ನಾಲ್ಕೂ ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದ. ಹಸಿದು ಅವು ಅವನ ಬೆರಳು ಚೀಪುತ್ತಿದ್ದವು.

"ನಾನೇ ರೀ ಸಾಹೇಬ್ರ," ಎಂದ. "ದಿನಾ ತೋರಿಸೀನ್ರಿ."