ಡ್ರಮ್ಮಿನ ತಳದ ನೀರು

ಶೈಲಶ್ರೀ ಕಂಪ್ಯೂಟರಿನೊಳಗೆ ಸೊಳ್ಳೆ ಸಾಕುತ್ತಾಳೆ ಎಂದು ಪುಣೆ ಬಳಿಯ ಪಿಂಪ್ರಿಯ ಕಾರ್ಖಾನೆ ಕಾಲೊನಿಯೆಲ್ಲ ನಗುತ್ತಿತ್ತು. ನಗಲಿ ಬಿಡಿ. ಪುಣೆಯ ಸಂಶೋಧನಾಲಯವೊಂದರಲ್ಲಿ ಅವಳ ಕೆಲಸವೇ ಅದು. ಮಳೆ, ಬಿಸಿಲು, ಮನೆಮನೆಯ ನೀರಿನ ಡ್ರಮ್ಮು ಎಲ್ಲವನ್ನೂ ಲೆಕ್ಕಕ್ಕಿಳಿಸಿ, ಸೊಳ್ಳೆ ಹೇಗೆ ಹೆಚ್ಚುತ್ತದೆ, ಏನು ಮಾಡಿದರೆ ಅಡಗುತ್ತದೆ ಎಂದು ಪರದೆಯ ಮೇಲೆ ಮೊದಲೇ ಕಂಡುಕೊಳ್ಳುವುದು.

ಹಿಂದಿನ ಮಳೆಗಾಲದಲ್ಲಿ ಮಗಳು ರೇಣು ಡೆಂಗ್ಯೂ ಬಂದು ಸಾವಿನ ದವಡೆಯಿಂದ ಪಾರಾಗಿದ್ದಳು. ಎರಡನೇ ಸಲ ಬಂದರೆ ಇನ್ನೂ ಕಷ್ಟ ಎಂದಿದ್ದರು ಡಾಕ್ಟರು. ತಾಯಿಯ ಜೀವ ತಡೆಯಬೇಕಲ್ಲ! ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ತಿಕ್ಕಿದರೆ ಸೊಳ್ಳೆಯ ಸಂತಾನವೇ ಉಳಿಯದು ಎಂದು ಕಂಪ್ಯೂಟರು ತೋರಿಸಿದ್ದೇ ತಡ, ಶೈಲಶ್ರೀ ಮನೆಮನೆಗೆ ಹೋಗಿ ಕೈಮುಗಿದಳು. ಹೆಂಗಸರು ಮಂಗಳವಾರ ಬಂತೆಂದರೆ ತಿಕ್ಕಿದ್ದೇ ತಿಕ್ಕಿದ್ದು. ಆದರೂ ಸೊಳ್ಳೆಗಳು ಮುತ್ತಿದವು. ಪಕ್ಕದ ಮನೆಯ ಮಾಯಾ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದಳು.

"ನಿನ್ನ ಡಬ್ಬಿ ಸುಳ್ಳು ಹೇಳತದವ್ವಾ. ಇನ್ನ ನಾವು ತಿಕ್ಕಂಗಿಲ್ಲ," ಎಂದು ಎದುರು ಮನೆಯ ಚಂದಮ್ಮ ಮುಖದ ಮೇಲೆಯೇ ಹೇಳಿದಳು. ಶೈಲಶ್ರೀಗೆ ಅಳುವೇ ಬಂತು.

ಮುಂದಿನ ಮಂಗಳವಾರ ಅವಳು ರಜೆ ಹಾಕಿ ಅತ್ತೆ ಭೀಮವ್ವನ ಕೆಲಸ ನೋಡುತ್ತ ನಿಂತಳು. ಭೀಮವ್ವ ಡ್ರಮ್ಮು ಬಗ್ಗಿಸಿ ಚೆಲ್ಲಿದಳು, ಗಸಗಸ ತಿಕ್ಕಿದಳು, ತಳದಲ್ಲಿ ಒಂದಿಷ್ಟು ಹಳೇ ನೀರು ಮಾತ್ರ ಹಾಗೇ ಬಿಟ್ಟಳು.

"ಅದನ್ಯಾಕ ಬಿಟ್ರಿ, ಅತ್ತಿ?"

"ನೀರಿನ ಡ್ರಮ್ಮು ಪೂರಾ ಬರಿದು ಮಾಡಬಾರದವ್ವಾ. ಮನೀಗೆ ಚಲೋ ಅಲ್ಲ. ಎಲ್ಲಾರೂ ಹಿಂಗ ಮಾಡ್ತಾರ."

ಆ ನೀರಿನಲ್ಲಿ ಸೊಳ್ಳೆಮರಿಗಳು ಮಿಜಿಮಿಜಿ ಎನ್ನುತ್ತಿದ್ದವು. ಶೈಲಶ್ರೀ ಹಣೆ ಚಚ್ಚಿಕೊಂಡಳು. ಖಾಲಿ ಮಾಡಿದ ಡ್ರಮ್ಮಿನಲ್ಲಿ ಹನಿಯೂ ಉಳಿಯದೆಂದು ಅವಳು ಲೆಕ್ಕ ಹಾಕಿದ್ದಳು. ಅತ್ತೆಯ ಜೊತೆಗೇ ಇದ್ದು, ಒಂದು ದಿನವೂ ನೋಡಿರಲಿಲ್ಲ.

ಅವಳು ಜಗಳಕ್ಕಿಳಿಯಲಿಲ್ಲ. "ಒಂದು ತಂಬಿಗಿ ಹೊಸ ನೀರು ದೇವರ ಮುಂದ ಮುಚ್ಚಿಡ್ರಿ. ಮನಿ ಬರಿದಾಗಂಗಿಲ್ಲ. ಡ್ರಮ್ಮು ಬೋರಲ ಹಾಕೂಣು."

ಭೀಮವ್ವ ತಂಬಿಗೆ ತುಂಬಿ ದೇವರ ಮುಂದೆ ಮುಚ್ಚಿಟ್ಟು, ಡ್ರಮ್ಮು ಬೋರಲು ಹಾಕಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಚಂದಮ್ಮನ ಮನೆಗೆ ತಾನೇ ಹೊರಟಳು. ಆ ಮುದುಕಿಯ ಮಾತು ಮೀರುವ ಧೈರ್ಯ ಕಾಲೊನಿಯಲ್ಲಿ ಯಾರಿಗಿತ್ತು? ಇತ್ತ ಶೈಲಶ್ರೀ ತಳದ ನೀರನ್ನೂ ಸೇರಿಸಿ ಕಂಪ್ಯೂಟರಿನ ಲೆಕ್ಕ ತಿದ್ದಿದಳು.

ದಸರೆಯ ಹೊತ್ತಿಗೆ ಮಾಯಾ ಚೇತರಿಸಿಕೊಂಡಿದ್ದಳು. ಹೊಸದಾಗಿ ಯಾರಿಗೂ ಜ್ವರ ಬರಲಿಲ್ಲ. ರೇಣು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅವಳನ್ನೇ ನೋಡುತ್ತ ಭೀಮವ್ವ ಕೇಳಿದಳು:

"ಶೈಲಾ, ನಿನ್ನ ಕಂಪ್ಯೂಟರದಾಗ ನಾನೂ ಅದೀನೇನ?"

"ಈಗ ಅದೀರಿ, ಅತ್ತಿ. ಮೊದಲ ನಿಮ್ಮನ್ನ ಬಿಟ್ಟು ಲೆಕ್ಕಾ ಮಾಡಿದ್ದೆ."